ರುದ್ರಕ್ಕ ‘ಹೋಗ್ತೀನಿ’ ಅಂದ ವಾರ

ಸ್ಟೀಲ್ ಲೋಟ ಎಡಗೈಯಲ್ಲಿತ್ತು. ಚಹಾ ಅದರ ಕಂಠದಿಂದ ಎರಡು ಬೆರಳು ಕೆಳಗಿತ್ತು. ಮುಂದಿನ ಶಾಟ್‌ನಲ್ಲಿ ಅದೇ ಲೋಟ ಬಲಗೈಗೆ ಬಂದಿತ್ತು, ತುಂಬಿತ್ತು, ಮತ್ತು ಅದರೊಳಗಿದ್ದದ್ದು ಮಜ್ಜಿಗೆ.

ಇಂಥದ್ದನ್ನು ಕಂಡಾಗ ಕೈ ಎತ್ತುವುದು ನನ್ನ ಕೆಲಸವಾಗಿತ್ತು. ಟಿವಿಯವರು ಅದನ್ನು ಕಂಟಿನ್ಯೂಟಿ ಎನ್ನುತ್ತಾರೆ. ಒಂದು ದೃಶ್ಯವನ್ನು ತುಂಡು ತುಂಡಾಗಿ ತೆಗೆಯುತ್ತಾರೆ, ಊಟಕ್ಕೆ ಮುಂಚೆ ಅರ್ಧ, ಊಟದ ಮೇಲೆ ಅರ್ಧ. ನೋಡುವವರಿಗೆ ಮಾತ್ರ ಅದು ಒಂದೇ ಉಸಿರಿನಲ್ಲಿ ನಡೆದಂತೆ ಕಾಣಬೇಕು. ಸೆರಗು ಯಾವ ಭುಜದ ಮೇಲಿತ್ತು, ಬಾಗಿಲು ಎಷ್ಟು ತೆರೆದಿತ್ತು, ಯಾರ ಹಣೆಯ ವಿಭೂತಿ ಎಷ್ಟು ಅಳಿಸಿತ್ತು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುವವಳು ನಾನು. ಕೊಟ್ಟೂರಿನ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣವಾಗುತ್ತಿದ್ದ ‘ಎರಡು ಕೀಲಿ’ ಎಂಬ ಹಾಸ್ಯ ಕಾರ್ಯಕ್ರಮಕ್ಕೆ ಆರು ವರ್ಷ ದುಡಿದೆ. ಅದು ನಿಂತ ಮೇಲೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮೂವತ್ತಮೂರನೇ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಆದರೆ ಆ ಕೆಲಸದ ಮಟ್ಟಿಗೆ ನಾನು ನಿವೃತ್ತಳೇ. ನನ್ನ ತರಗತಿಯ ಇಬ್ಬರು ಹುಡುಗಿಯರು ಈ ವರ್ಷ ಅದೇ ಕೆಲಸಕ್ಕೆ ಹೊರಟಿದ್ದಾರೆ. “ಅಲ್ಲಿ ಏನೇನು ಮಾಡಬೇಕಾಗ್ತೈತ್ರಿ ಮೇಡಮ್?” ಎಂದು ಕೇಳಿದರು. ಬಾಯಲ್ಲಿ ಹೇಳುವುದು ನನಗೆ ಕಷ್ಟ. ಆದ್ದರಿಂದ ಬರೆಯುತ್ತಿದ್ದೇನೆ.

ನಿರ್ದೇಶಕರ ಹೆಸರು ಮಹಾಂತೇಶ, ಕೂಡ್ಲಿಗಿಯವರು. ನನ್ನ ಸಂದರ್ಶನ ಅವರು ಮಿರ್ಚಿ ತಿನ್ನುತ್ತಲೇ ಮಾಡಿದರು.

“ನಮ್ದು ಯಾವ ನಮೂನಿ ಕಾರ್ಯಕ್ರಮ, ಗೊತ್ತೈತೇನ್ರಿ?”

“ಹಾಸ್ಯ ಧಾರಾವಾಹಿ” ಎಂದೆ.

“ತಪ್ಪು. ನೀವು ಎಂ.ಎ. ಮಾಡೀರಿ, ಧಾರಾವಾಹಿ ಅಂದ್ರ ಏನ್ರಿ? ಧಾರಿ ಹರಿತೈತಿ. ಇವತ್ತು ಮದಿವಿ, ನಾಳೆ ಜಗಳ, ನಾಡದು ಕೋರ್ಟು. ನಮ್ದು ಹರಿಯಂಗಿಲ್ಲ. ಕೆರಿ ಇದ್ದಂಗ, ನಿಂತಲ್ಲೇ ಐತಿ. ಇದಕ್ಕ ಸಿಟ್ಕಾಂ ಅಂತಾರ.”

ಆಮೇಲೆ ಆರು ವರ್ಷ ಈ ಮಾತನ್ನು ನಾನಾ ರೀತಿಯಲ್ಲಿ ತಿರುವಿ ನೋಡಿದ್ದೇನೆ, ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ಕೇಳಿಲ್ಲ. ನಗಿಸುವ ಕಾರ್ಯಕ್ರಮಗಳೆಲ್ಲ ಸಿಟ್ಕಾಂ ಅಲ್ಲ. ವಾರಕ್ಕೊಂದು ಬೇರೆ ವೇಷ, ಬೇರೆ ಜಾಗವಾದರೆ ಅದು ಪ್ರಹಸನ. ಜನ ಅವರೇ ಇದ್ದು ಕಥೆ ಮುಂದೆ ಸಾಗಿದರೆ ಧಾರಾವಾಹಿ. ಸಿಟ್ಕಾಂನಲ್ಲಿ ಮನೆ ಅದೇ, ಜನ ಅವರೇ, ತಾಪತ್ರಯ ಮಾತ್ರ ಹೊಸದು. ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಆ ತಾಪತ್ರಯವೂ ತೊಲಗಿ, ಎಲ್ಲರೂ ಎಲ್ಲಿದ್ದರೋ ಅಲ್ಲಿಗೆ ಬಂದಿರಬೇಕು. ಮುಖ್ಯವಾಗಿ, ಯಾರೂ ಯಾವ ಪಾಠವನ್ನೂ ಕಲಿತಿರಬಾರದು.

ನಮ್ಮ ಮನೆಗೆ ಮುಂಬಾಗಿಲು ಒಂದೇ, ಕೀಲಿ ಎರಡು. ಮುಂದಿನ ಭಾಗದಲ್ಲಿ ಮನೆಯ ಯಜಮಾನ ಮತ್ತು ಅವನ ಅಕ್ಕ ರುದ್ರಕ್ಕ, ಹಿಂದಿನ ಭಾಗದಲ್ಲಿ ಬಾಡಿಗೆಯವರು. ಯಜಮಾನ ಪ್ರತಿ ವಾರ ತನ್ನ ಕೀಲಿ ಕಳೆದುಕೊಳ್ಳುತ್ತಾನೆ. ಎರಡನೇ ವರ್ಷ ಹಡಗಲಿಯ ನೋಡುಗರೊಬ್ಬರು ಮರುಕಪಟ್ಟು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕೀಲಿ ಕೊಂಡಿಯನ್ನು ಕೊರಿಯರ್ ಮಾಡಿದರು. ಮಹಾಂತೇಶ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. “ಇದು ಅವನ ಕೈಗೆ ಸಿಕ್ರ ನಮ್ಮೆಲ್ಲರ ಹೊಟ್ಟಿ ಮ್ಯಾಲ ಹೊಡದಂಗ” ಎಂದರು.

ನಗುವಿನ ಸದ್ದು ಸೇರಿಸಿದರೆ ಸಿಟ್ಕಾಂ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಚಾನೆಲ್‌ನವರೂ ನಂಬಿದ್ದರು. ಅವರು ಕಳಿಸಿದ ನಗುವಿನ ಧ್ವನಿಮುದ್ರಣದಲ್ಲಿ ಒಬ್ಬ ಹೆಂಗಸು ಕೊನೆಯಲ್ಲಿ ಬಿಕ್ಕಳಿಸುತ್ತಿದ್ದಳು. ಪ್ರತಿ ಮಾತಿಗೂ ಅದೇ ಬಿಕ್ಕಳಿಕೆ ಬರುತ್ತಿತ್ತು. ಯಾರಾದರೂ ಆಕೆಗೆ ನೀರು ಕೊಡಬಾರದೇ ಎಂದು ಪತ್ರಗಳು ಬಂದವು. ಹಾಗಾದರೆ ನಮ್ಮ ಜನದ ನಗುವನ್ನೇ ರೆಕಾರ್ಡ್ ಮಾಡೋಣ ಎಂದು ಒಂದು ಸಮುದಾಯ ಭವನದಲ್ಲಿ ನೂರು ಜನರನ್ನು ಕೂಡಿಸಿ ಮೂರು ಕಂತು ತೋರಿಸಿದೆವು. ಬಂದವರಿಗೆ ಮರ್ಯಾದೆ ಮಾಡಬೇಕಲ್ಲ, ಮೊದಲೇ ಮಂಡಕ್ಕಿ ಹಂಚುವ ಏರ್ಪಾಡು ನಾನೇ ಮಾಡಿದ್ದೆ. ಒಂದೂವರೆ ಗಂಟೆಯ ರೆಕಾರ್ಡಿಂಗ್‌ನಲ್ಲಿ ನಮಗೆ ಸಿಕ್ಕಿದ್ದು ನೂರು ಜನ ಮಂಡಕ್ಕಿ ಜಗಿಯುವ ಸದ್ದು, ನಡುವೆ ಒಬ್ಬರ ದನಿ: “ಲೇ, ಉಳ್ಳಾಗಡ್ಡಿ ಈ ಕಡಿ ಕೊಡಲೇ.” ಆಮೇಲೆ ನಗುವಿನ ಸದ್ದನ್ನೇ ಕೈಬಿಟ್ಟೆವು. ಕಾರ್ಯಕ್ರಮ ಸಿಟ್ಕಾಂ ಆಗಿಯೇ ಉಳಿಯಿತು.

ಇನ್ನೊಂದು ತೊಡಕು ಮಾತಿನದು. ಯಜಮಾನನ ಪಾತ್ರ ಮಾಡುವ ಹಾಲೇಶ ಹರಪನಹಳ್ಳಿಯ ಕಡೆಯವರು. ಮನೆಯ ಉಳಿದವರೆಲ್ಲ ‘ಮನಿ’ ಎಂದರೆ ಅವರು ‘ಮನೆ’ ಎನ್ನುತ್ತಿದ್ದರು, ಇವರ ‘ಐತಿ’ ಅವರ ಬಾಯಲ್ಲಿ ‘ಐತೆ’. ತಿದ್ದಿದರೆ ಎರಡು ವಾಕ್ಯದವರೆಗೆ ನಿಲ್ಲುತ್ತಿತ್ತು. ಯಜಮಾನ ದತ್ತು ಮಗನೇ ಎಂದು ನೋಡುಗರು ಕೇಳತೊಡಗಿದಾಗ, ಅವನು ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವನು ಎಂದು ಒಂದು ಸಾಲು ಸೇರಿಸಿದೆ. ನಾನು ಬರೆದ ಮೊದಲ ಸಾಲು ಅದೇ. ಕ್ರಮೇಣ ಸಂಭಾಷಣೆಯೆಲ್ಲ ನನ್ನ ಪಾಲಿಗೇ ಬಂತು.

ರುದ್ರಕ್ಕನಾಗಿ ಅಭಿನಯಿಸುತ್ತಿದ್ದವರು ಗೌರಮ್ಮ. ಹದಿನಾಲ್ಕನೇ ವಯಸ್ಸಿಗೆ ನಾಟಕ ಕಂಪನಿ ಸೇರಿ, ಅರವತ್ತು ದಾಟಿದ ಮೇಲೂ ಬಣ್ಣ ಬಿಡದವರು. ಸೆಟ್ಟಿನಿಂದ ಎರಡು ಓಣಿ ಆಚೆ ಅವರ ಮನೆ. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಜೊತೆಗಿದ್ದರು. ಯಾರೂ ಅವರನ್ನು ದುಡಿಯಲು ಕಳಿಸುತ್ತಿರಲಿಲ್ಲ, ಬೇಡವೆಂದರೂ ಬರುತ್ತಿದ್ದರು. ಮೂರನೇ ವರ್ಷ ಅವರಿಗೆ ಮಾತು ಮರೆಯತೊಡಗಿತು.

“ನೆನಪು ಐತಿ ತಂಗಿ, ಬಾಯಿಗೆ ಬರವಲ್ದು” ಎನ್ನುತ್ತಿದ್ದರು.

ಕಂಪನಿಯಲ್ಲಿ ಪರದೆಯ ಪಕ್ಕ ನಿಂತು ಮಾತು ಹೇಳಿಕೊಡುವವರು ಇರುತ್ತಿದ್ದರಂತೆ. ಆ ಕೆಲಸ ನನಗೆ ಬಂತು. ಸೆಟ್ಟಿನ ಅಡುಗೆಮನೆ ಬಾಗಿಲ ಹಿಂದೆ ಕುಳಿತು, ಅವರು ತಡವರಿಸಿದಾಗ ಮುಂದಿನ ಸಾಲಿನ ಮೊದಲ ಪದವನ್ನು ಪಿಸುಗುಡುತ್ತಿದ್ದೆ. ನನ್ನ ದನಿ ಮೊದಲಿನಿಂದಲೂ ಸಣ್ಣದು. ವಿಶ್ವವಿದ್ಯಾಲಯದಲ್ಲಿ ಹಾಜರಿ ಕೂಗಿದಾಗ ನಾನು ಬಂದಿದ್ದರೂ ಗೈರು ಬೀಳುತ್ತಿತ್ತು. ಮಹಾಂತೇಶರಿಗೆ ಮಾತ್ರ ಅದು ಭಾಳ ಹಿಡಿಸಿತು. “ಮೈಕಿಗೆ ಸಿಗಬಾರದು, ಗೌರಮ್ಮನ ಕಿವಿಗೆ ಬೀಳಬೇಕು. ಈ ದನಿ ದೇವರು ಅಳತಿ ಮಾಡಿ ಕೊಟ್ಟಾನ ನೋಡ್ರಿ” ಎನ್ನುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆ ಕಂತಿನಲ್ಲಿ ನಲ್ಲಿ ನೀರಿಗಾಗಿ ಜಗಳವಾಗುತ್ತದೆ. ರುದ್ರಕ್ಕ ಚೀಲ ಹಿಡಿದು ಕಾನಹೊಸಹಳ್ಳಿಯ ತಂಗಿಯ ಮನೆಗೆ ಹೊರಡುತ್ತಾಳೆ. ಕೊನೆಯ ದೃಶ್ಯದಲ್ಲಿ ತಿರುಗಿ ಬಂದು, ಏನೂ ಆಗದವಳಂತೆ ಒಲೆಯ ಮೇಲೆ ಚಹಾಕ್ಕಿಡುತ್ತಾಳೆ. ಹೊಸ್ತಿಲಲ್ಲಿ ಅವಳಿಗೆ ನಾನು ಬರೆದ ಮಾತು: “ನಾ ಹೋಗ್ತೀನಿ.”

ಗೌರಮ್ಮ ಹಾಳೆ ಕೆಳಗಿಟ್ಟರು. “ಹೋಗ್ತೀನಿ ಅಂತ ಯಾರರ ಅಂತಾರೇನವ್ವ? ಬರ್ತೀನಿ ಅಂತ ತಿದ್ದು.”

“ಅಮ್ಮಾ, ಅವಳು ಸಿಟ್ಟಿನಿಂದ ಹೊರಟಿದ್ದಾಳೆ. ಬರುವ ಮನಸ್ಸೇ ಇಲ್ಲದವಳು ಬರ್ತೀನಿ ಅಂದರೆ ಅರ್ಥ ಕೆಡುತ್ತದೆ.”

“ಸಿಟ್ಟು ಬ್ಯಾರೆ, ಹೊಸ್ತಿಲ ಬ್ಯಾರೆ, ತಂಗಿ. ನನ್ನ ಗಂಡನ ಕೂಡ ನಾ ಎಷ್ಟು ಸಲ ಜಗಳಾಡಿ ತವರಿಗೆ ಹೋಗೀನಿ. ಬೈಕೋತ ಹೋದ್ರೂ, ದಾಟೂಮುಂದ ಬರ್ತೀನಿ ಅಂದ ಹೋಗೀನಿ.”

ನಾನು ಕ್ರಿಯಾಪದಗಳ ಬಗ್ಗೆ ಎರಡು ನಿಮಿಷ ಮಾತಾಡಿದೆ. ಆರು ವರ್ಷಗಳಲ್ಲಿ ಸೆಟ್ಟಿನಲ್ಲಿ ನಾನು ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ಅದನ್ನು ನೆನೆದರೆ ಈಗಲೂ ನಾಚಿಕೆ. ಗೌರಮ್ಮ ಕೇಳಿ, “ಬರೆದಾಕಿ ನೀನು” ಎಂದು, ಬರೆದಂತೆಯೇ ಅಂದು, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದರು.

ಆ ದಿನ ಉಳಿದ ಮಾತುಗಳಿಗೆ ಹನ್ನೊಂದು ಸಲ ರೀಟೇಕ್ ಆಯಿತು. ಬೆಳಕು ಹೋಯಿತು. ರುದ್ರಕ್ಕ ತಿರುಗಿ ಬರುವ ದೃಶ್ಯ ಮುಂದಿನ ಚಿತ್ರೀಕರಣಕ್ಕೆ ಉಳಿಯಿತು. ಅವಳು ಹೋಗುವವರೆಗಿನದನ್ನೇ ಒಂದು ಕಂತು ಮಾಡಿ ಕಳಿಸಿದೆವು. ಅದರ ಮುಂದಿನ ವಾರ ಚಾನೆಲ್‌ನವರು ನಮ್ಮ ಸಮಯದಲ್ಲಿ ಬೇರೇನೋ ವಿಶೇಷ ಕಾರ್ಯಕ್ರಮ ಹಾಕಿದರು. ಹೀಗಾಗಿ ಹೋಗ್ತೀನಿ ಅಂದ ರುದ್ರಕ್ಕ ಎರಡು ವಾರ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೇ ವಾರದ ಕೊನೆಗೆ ತೆಲಿಗಿಯಿಂದ ಇಬ್ಬರು ಹೆಂಗಸರು ಎರಡು ಬಸ್ಸು ಬದಲಿಸಿ ಕೊಟ್ಟೂರಿಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ಊದುಬತ್ತಿ. ಮನೆ ಕೇಳಿಕೊಂಡು ಹೋಗಿ ಬಾಗಿಲು ಬಡಿದರು. ತೆರೆದವರು ಗೌರಮ್ಮನೇ. ಅಲ್ಲಿ ನಡೆದದ್ದನ್ನು ಅವರ ಮಗಳು ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದಾಳೆ.

“ರುದ್ರಕ್ಕನ ಪಾತ್ರ ಮಾಡ್ತಿದ್ರಲ್ಲ, ಅವರ ಮನೆ ಇದೇ ಏನ್ರಿ?”

“ಹೌದು, ಬರ್ರಿ.”

“ಯಾವಾಗ ಆತ್ರಿ?”

“ಏನು?”

“ಭಾಳ ನರಳಿದ್ರಾ?”

“ಯವ್ವಾ, ನಾನ ಆಕಿ.”

ಇಬ್ಬರೂ ಅವರ ಮುಖ ನೋಡಿದರು. ಹಿರಿಯಳು ಕಿರಿಯಳಿಗೆ ಮೆಲ್ಲಗೆ ಹೇಳಿದಳು: “ತಂಗಿ ಇರಬೇಕು. ಮುಖ ಹಂಗೇ ಐತೆ ನೋಡು. ದುಃಖಕ್ಕೆ ಹಂಗಂತಾರೆ ಪಾಪ.”

ಗೌರಮ್ಮ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರು ರುದ್ರಕ್ಕನ ಗತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು, “ಚಾ ಕುಡಿತೀರೋ, ಬಾಳೆಹಣ್ಣು ಹಿಡಕೊಂಡು ಇಲ್ಲೇ ನಿಂದರ್ತೀರೋ?” ಎಂದು ಗದರಿದ ಮೇಲೆ ಕಿರಿಯಳು ಅತ್ತುಬಿಟ್ಟಳಂತೆ. ಊದುಬತ್ತಿಯನ್ನು ದೇವರ ಮುಂದೆ ಹಚ್ಚಿದರು. ಬಾಳೆಹಣ್ಣನ್ನು ನಾವೆಲ್ಲ ಸೆಟ್ಟಿನಲ್ಲಿ ತಿಂದೆವು.

ನಾವು ನಗುತ್ತಿದ್ದಾಗಲೇ ಚಾನೆಲ್‌ನಿಂದ ಫೋನು ಬಂತು. ನಮ್ಮ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದೆವು. ಫೋನು ಇಟ್ಟ ಮಹಾಂತೇಶರ ಮುಖದಲ್ಲಿ ನಗು ಇರಲಿಲ್ಲ.

“ರುದ್ರಕ್ಕ ಹೋದದ್ದಕ್ಕ ಜನ ಭಾಳ ಮಾತಾಡಾಕತ್ಯಾರಂತ. ಇದ ಒಳ್ಳೇ ಹೊತ್ತು, ಹೋಗೇ ಬಿಡ್ಲಿ ಅಂತಾರ. ಗೌರಮ್ಮ ಹೆಂಗೂ ಹನ್ನೊಂದು ರೀಟೇಕ್ ತಗೋತಾರ, ಬದಲಿಗೆ ಒಬ್ಬ ಹರೇದ ಸೊಸಿ ಪಾತ್ರ ಹಾಕೂಣು ಅಂದ್ರು.”

ಗೌರಮ್ಮನಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರಿಗೂ ಏನೇನೋ ಕೆಲಸ ನೆನಪಾಯಿತು. ಬರೆದವಳು ನಾನಾದ್ದರಿಂದ ನಾನೇ ಹೇಳಿದೆ. ಅವರು ರುದ್ರಕ್ಕನ ಹಸಿರು ಸೀರೆ ಉಟ್ಟು, ಬಣ್ಣ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಪೂರ್ತಿ ಕೇಳಿಸಿಕೊಂಡರು.

“ಕಂಪನಿಯಾಗ ದಿನಾ ಸಾಯ್ತಿದ್ದೆ” ಎಂದರು. “ವಿಷ ಕುಡದು, ಬಾವಿಗೆ ಬಿದ್ದು, ಎದಿ ಒಡಕೊಂಡು. ಮರುದಿನ ಮತ್ತ ಎದ್ದು ಅದ ಪಾತ್ರ ಮಾಡ್ತಿದ್ದೆ. ಸಾಯದ ಹೋಗೂದು ಇದ ಮೊದಲು ನೋಡು.”

ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ಹಸಿರು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಬಣ್ಣ ತೆಗೆಯುವುದನ್ನು ಮರೆತು ಹಾಗೆಯೇ ಮನೆಗೆ ನಡೆದರು.

ಆ ಮಧ್ಯಾಹ್ನ ನಾನು ಚಾನೆಲ್‌ನೊಂದಿಗಿನ ಒಪ್ಪಂದದ ಪತ್ರ ತೆಗೆದು ಓದಿದೆ. ಕಾರ್ಯಕ್ರಮದ ಬಗೆ ಎಂಬಲ್ಲಿ ಅವರೇ ಬರೆದಿದ್ದರು: ಸಿಟ್ಕಾಂ, ಖಾಯಂ ಪಾತ್ರಗಳು, ಒಂದೇ ಸ್ಥಳ, ಪ್ರತಿ ಪ್ರಸಂಗದ ಕೊನೆಗೆ ಯಥಾಸ್ಥಿತಿ. ಫೋನಿನಲ್ಲಿ ಅಪರಿಚಿತರೊಂದಿಗೆ ಮಾತಾಡುವುದೆಂದರೆ ನನಗೆ ಜ್ವರ ಬಂದಂತೆ. ಹೇಳಬೇಕಾದ್ದನ್ನೆಲ್ಲ ಮೊದಲು ಬರೆದುಕೊಂಡು, ನೋಡಿ ಓದಿದೆ.

“ಸಾರ್, ರುದ್ರಕ್ಕ ವಾಪಸ್ ಬರದಿದ್ದರೆ ಯಥಾಸ್ಥಿತಿ ಮುರಿಯುತ್ತದೆ. ಸೊಸೆ ಬಂದರೆ ಕಥೆ ಮುಂದೆ ಹೋಗುತ್ತದೆ. ಆಗ ಇದು ಸಿಟ್ಕಾಂ ಅಲ್ಲ, ಧಾರಾವಾಹಿ.”

“ಇರಲಿ, ಏನೀಗ?”

“ಧಾರಾವಾಹಿಗಳನ್ನು ನೋಡಿಕೊಳ್ಳುವ ವಿಭಾಗ ಬೇರೆ ಇದೆಯಲ್ಲ ಸಾರ್. ನಾವು ಇನ್ನು ಮುಂದೆ ಅವರಿಗೆ ವರದಿ ಮಾಡಬೇಕಾ?”

ಸಾಹೇಬರು ಯಾವುದೋ ಕಾಗದ ಮಗುಚಿದ ಸದ್ದು ಕೇಳಿಸಿತು. ಅವರಿಗೂ ಆ ವಿಭಾಗದವರಿಗೂ ಎಣ್ಣೆ ಸೀಗೆಕಾಯಿ ಎಂದು ಮಹಾಂತೇಶ ಯಾವಾಗಲೋ ಹೇಳಿದ್ದರು. ಕೊನೆಗೆ, “ಒಂದೇ ಒಂದು ಕಂತು. ನಾನೇ ಬಂದು ಕೂರ್ತೀನಿ. ಆಯಮ್ಮ ತಡವರಿಸಿದರೆ ಅಲ್ಲಿಗೆ ಮುಗೀತು” ಎಂದರು.

ಅವರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ದೃಶ್ಯ ಸರಳವಾಗಿತ್ತು: ರುದ್ರಕ್ಕ ಚೀಲ ಹಿಡಿದು ಒಳಗೆ ಬರುತ್ತಾಳೆ. ಅವಳು ಇಷ್ಟು ದಿನ ಇರಲಿಲ್ಲವೆಂಬುದು ತಮ್ಮನಿಗೆ ಗೊತ್ತೇ ಆಗಿಲ್ಲ, ಅವನು ಕೀಲಿ ಹುಡುಕುತ್ತಿದ್ದಾನೆ. ಅವಳು “ಬಸ್ ಸಿಗಲಿಲ್ಲ, ಅದಕ್ಕ ಬಂದೆ” ಎನ್ನಬೇಕು. ನಾಲ್ಕೇ ಪದ. ಬೇಕೆಂದೇ ಸಣ್ಣದಾಗಿ ಬರೆದಿದ್ದೆ.

ಗೌರಮ್ಮ ಹೊಸ್ತಿಲು ದಾಟಿ ಬಂದು ನಿಂತರು. ಚೀಲ ಬಲಗೈಯಲ್ಲಿತ್ತು, ಸರಿಯಾಗಿತ್ತು. ಹಾಲೇಶರನ್ನು ನೋಡಿದರು. ಬಾಯಿ ತೆರೆದರು. ಮಾತು ಬರಲಿಲ್ಲ.

ಬಾಗಿಲ ಹಿಂದಿನಿಂದ “ಬಸ್” ಎಂದೆ. ಕೇಳಿಸಲಿಲ್ಲ. ಮತ್ತೆ ಎಂದೆ. ಸಾಹೇಬರ ಕುರ್ಚಿ ಕಿರುಗುಟ್ಟಿತು. ಮೂರನೇ ಸಲ ಪಿಸುದನಿಯ ಬದಲು ಕೊಕ್ಕರೆ ಕೂಗಿದಂಥ ಒಂದು ಸದ್ದು ಹೊರಬಂತು.

ಗೌರಮ್ಮ ಚೀಲ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ಅಡುಗೆಮನೆಯ ಕಡೆ ತಿರುಗಿದರು.

“ಒಳಗ ಯಾರವ್ವ ಅದು? ಹೇಳೂದಿದ್ರ ನೆಟ್ಟಗ ಹೇಳ. ಪಿಸಿಪಿಸಿ ಅಂದ್ರ ನಾ ಏನು ದೇವರೇನು, ತಿಳಕೊಳ್ಳಾಕ?”

ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಕಟ್ ಎನ್ನುವ ದನಿ ಬರಲಿಲ್ಲ. ಹಾಲೇಶ ಕೀಲಿ ಹುಡುಕುತ್ತಿದ್ದ ಮಂಚದ ಕೆಳಗಿನಿಂದ ತಲೆ ಎತ್ತದೆಯೇ ಹೇಳಿದರು: “ಬಾಡಿಗೆಯವರ ನೆಂಟರ ಹುಡುಗಿ ಬಂದೈತಕ್ಕ. ಭಾಳ ನಾಚಿಕೆ.”

“ನಾಚಿಕಿ ಇದ್ದಾಕಿ ನಮ್ಮ ಅಡಿಗಿ ಮನ್ಯಾಗ ಏನು ಮಾಡಾಕತ್ಯಾಳ?”

ಅವರು ಬಾಗಿಲನ್ನೇ ನೋಡುತ್ತಿದ್ದರು. ಅದು ರುದ್ರಕ್ಕನ ನೋಟವಲ್ಲ, ಗೌರಮ್ಮನದು. ನಾನು ಹೇಳದೆ ಹೋದರೆ ಅವರ ಬಳಿ ಮುಂದೆ ಏನೂ ಇರಲಿಲ್ಲ. ನನ್ನ ದನಿಯಲ್ಲೇ, ಮೈಕಿಗೆ ಕೇಳುವಂತೆ ಹೇಳಿದೆ:

“ಬಸ್ ಸಿಗಲಿಲ್ಲ ಅನ್ರಿ ಅಕ್ಕಾ.”

“ಹಾಂ. ಬಸ್ ಸಿಗಲಿಲ್ಲ” ಎಂದರು ಗೌರಮ್ಮ, ತಮ್ಮನ ಕಡೆ ತಿರುಗಿ. “ಅದಕ್ಕ ಬಂದೆ. ಈ ಹುಡುಗಿಗೂ ಗೊತ್ತೈತಿ, ನಿನಗ ಗೊತ್ತಿಲ್ಲ.”

ಮೊದಲು ನಕ್ಕವರು ಸಾಹೇಬರೇ. ಅವರ ನಗು ಆ ಶಾಟ್‌ನಲ್ಲಿ ರೆಕಾರ್ಡ್ ಆಗಿದೆ, ತೆಗೆಯಲು ಆಗಲಿಲ್ಲ.

ಚಹಾ ಕುಡಿಯುವಾಗ ಅವರು ತೀರ್ಮಾನ ಹೇಳಿದರು. ರುದ್ರಕ್ಕ ಇರಲಿ. ಬಾಗಿಲ ಹಿಂದಿನ ಹುಡುಗಿಯೂ ಪ್ರತಿ ವಾರ ಇರಬೇಕು, ಮುಖ ತೋರಿಸಬಾರದು. ಅವಳಿಲ್ಲದಿದ್ದರೆ ರುದ್ರಕ್ಕನೂ ಬೇಡ.

“ಹೊಸಾ ಪಾತ್ರ ಬಂದ್ರ ಯಥಾಸ್ಥಿತಿ ಮುರಿತೈತಲ್ರಿ ಸಾಹೇಬ್ರ?” ಎಂದು ಮಹಾಂತೇಶ ನನ್ನ ಕಡೆ ನೋಡುತ್ತ ಕೆಣಕಿದರು.

“ಮುಂದಿನ ವಾರದಿಂದ ಅದೇ ಯಥಾಸ್ಥಿತಿ” ಎಂದರು ಸಾಹೇಬರು.

ನಾನು ನಾಳೆ ಹೇಳುತ್ತೇನೆ ಎಂದೆ. ನಾನು ಟಿವಿಯಲ್ಲಿ ಏನು ಮಾಡುತ್ತೇನೆಂದು ಹೊಳಲಿನ ನಮ್ಮ ಮನೆಯಲ್ಲಿ ಅಪ್ಪನಿಗೂ ಅಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಬರೆಯುವ ಕೆಲಸ ಎಂದಷ್ಟೇ ಹೇಳಿದ್ದೆ. ನನ್ನ ದನಿ ವಾರಕ್ಕೊಮ್ಮೆ ಐದು ತಾಲೂಕಿನ ಮನೆಮನೆಗೆ ಹೋದರೆ ಅದು ಅವರ ಕಿವಿಗೂ ಬೀಳುತ್ತಿತ್ತು. ಗೌರಮ್ಮ ಬಣ್ಣ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ಕುಳಿತರು.

“ಬ್ಯಾಡಂದ್ರ ಬ್ಯಾಡ ಅನ್ನು ತಂಗಿ. ನಿನ್ನ ದನಿ ನಿಂದು. ನನ್ನ ಸಲುವಾಗಿ ಬಿಚ್ಚಬ್ಯಾಡ.”

ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆ ಅವರ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಬಾಗಿಲ ಹಿಂದೆ ನಾನೇ ಇರುತ್ತೇನೆ, ನಾಟಕದ ಕೊನೆಯ ಸಾಲಿನವರಿಗೆ ಕೇಳುವಂತೆ ಮಾತಾಡುವುದು ಹೇಗೆ, ಹೇಳಿಕೊಡಿ ಎಂದೆ. ಅವರು ಆಚೆ ಗೋಡೆಯ ಹತ್ತಿರ ಹೋಗಿ ನಿಲ್ಲಲು ಹೇಳಿದರು.

“ಏನು ಹೇಳಲಿ?”

“ನಿನ್ನ ಹೆಸರ ಹೇಳ.”

ಹೇಳಿದೆ. ಅವರು ಅಕ್ಕಿ ಆರಿಸುತ್ತಲೇ ಇದ್ದರು. ಇನ್ನೂ ಜೋರಾಗಿ ಹೇಳಿದೆ. ಒಂದು ಕಲ್ಲು ತೆಗೆದು ಆಚೆ ಎಸೆದರು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೂಗಿದೆ. ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

“ಯಾರ್ರೀ ಅದು?” ಎಂದಿತು ಒಂದು ಹೆಣ್ಣುದನಿ. “ಏನು ಹೆಸರಂದ್ರಿ?”

ಗೌರಮ್ಮ ತಲೆ ಎತ್ತಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಇನ್ನೊಂದು ಸಲ ಹೇಳಿದೆ.